ವಿಕ್ಕಾ ವಿಧಿಗೆ ಪವಿತ್ರ ವೃತ್ತ ಕಟ್ಟುವುದು ಮತ್ತು ಬಿಚ್ಚುವುದು: ಸಮಗ್ರ ಮಾರ್ಗದರ್ಶಿ

ವಿಕ್ಕಾ ಎಂದರೆ ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ, ದೇವಿಯನ್ನೂ ದೇವನನ್ನೂ ಪೂಜಿಸುವ ಧಾರ್ಮಿಕ ಮಾರ್ಗ. ಅದರ ವಿಧಿಗೆಂದು ವೃತ್ತ ಕಟ್ಟಲು ಹೊರಟವರು ಎಡವುವ ಜಾಗ ಹೆಚ್ಚುಕಡಿಮೆ ಒಂದೇ. ಆವಾಹನೆಯ ಮಾತುಗಳನ್ನು ವಾರಗಟ್ಟಲೆ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಆದರೆ ಮೊದಲ ದಿಕ್ಕನ್ನು ಕರೆದ ಮೇಲೆ ಬೆಂಕಿಪೆಟ್ಟಿಗೆ ಹೊರಗೇ ಉಳಿದದ್ದು ನೆನಪಾಗುತ್ತದೆ. ಗೆರೆ ದಾಟಿ ಹೋಗಿ ತರುತ್ತಾರೆ, ಮರಳಿ ಬರುವಷ್ಟರಲ್ಲಿ ಮನಸ್ಸು ಚೆದುರಿರುತ್ತದೆ, ಹೇಗೋ ವಿಧಿ ಮುಗಿಸಿ ದೀಪ ಆರಿಸಿ ಮಲಗುತ್ತಾರೆ. ಕಟ್ಟಿದ ವೃತ್ತವನ್ನು ಬಿಚ್ಚಿರುವುದೇ ಇಲ್ಲ. ಮರುದಿನ ಎದ್ದಾಗ ಏನೂ ನಡೆಯಲಿಲ್ಲವೆಂಬ ನಿರಾಸೆ, ಜೊತೆಗೆ ಕಾರಣ ತಿಳಿಯದ ಕಿರಿಕಿರಿ. ನಾನು ಕಂಡಂತೆ ವೃತ್ತ ಕೆಡುವುದು ಎರಡೇ ಕಡೆ: ಕಟ್ಟುವ ಮುಂಚಿನ ಸಿದ್ಧತೆಯಲ್ಲಿ ಮತ್ತು ಕೊನೆಯ ಬಿಚ್ಚುವಿಕೆಯಲ್ಲಿ. ಆದುದರಿಂದ ಈ ಮಾರ್ಗದರ್ಶಿ ಆ ಎರಡು ಭಾಗಗಳಿಗೇ ಹೆಚ್ಚು ಜಾಗ ಕೊಡುತ್ತದೆ.

ಒಂದು ಮಾತು ಮೊದಲೇ ಹೇಳಬೇಕು. ಇಲ್ಲಿ ವಿವರಿಸಿರುವುದು ವಿಕ್ಕಾ ಮಾರ್ಗದ ವೃತ್ತ. ಪ್ರಕೃತಿಯನ್ನು, ಕ್ರೈಸ್ತಪೂರ್ವ ದೇವತೆಗಳನ್ನು ಆರಾಧಿಸುವ ಮಾರ್ಗಗಳಿಗೆಲ್ಲ ಇರುವ ಪೇಗನ್ ಎಂಬ ದೊಡ್ಡ ಹೆಸರಿನಡಿ ಬರುವ ಎಲ್ಲರೂ ವೃತ್ತ ಕಟ್ಟುವುದಿಲ್ಲ. ಉತ್ತರ ಯೂರೋಪಿನ ಪ್ರಾಚೀನ ದೇವತೆಗಳನ್ನು ಆರಾಧಿಸುವ ಹೀದನ್ ಮಾರ್ಗದವರಲ್ಲಿ ಹಲವರು ಗುಡುಗಿನ ದೇವ ಥಾರ್‌ನ ಸುತ್ತಿಗೆಯ ಗುರುತನ್ನು ದಿಕ್ಕುಗಳಿಗೆ ತೋರಿ ಜಾಗವನ್ನು ಪವಿತ್ರಗೊಳಿಸುತ್ತಾರೆ. ಪ್ರಾಚೀನ ಗ್ರೀಕ್ ದೇವತೆಗಳನ್ನು ಆರಾಧಿಸುವವರು ಉರಿಯುವ ಕಡ್ಡಿಯನ್ನು ನೀರಿನಲ್ಲಿ ನಂದಿಸಿ, ಆ ನೀರಿನಿಂದ ಕೈ ಮುಖ ತೊಳೆದು ಪ್ರೋಕ್ಷಣೆ ಮಾಡಿಕೊಳ್ಳುತ್ತಾರೆ. ಅಂಥವರಿಗೆ ಇಲ್ಲಿನ ಸ್ವಚ್ಛತೆಯ ಮತ್ತು ಬೆಂಕಿಯ ಎಚ್ಚರಿಕೆಗಳು ಮಾತ್ರ ಉಪಯೋಗಕ್ಕೆ ಬಂದಾವು.

ವಿಕ್ಕಾದಲ್ಲಿ ವೃತ್ತವೆಂದರೆ ತಾತ್ಕಾಲಿಕ ದೇಗುಲ. ಎಬ್ಬಿಸಿದ ಶಕ್ತಿಯನ್ನು ಬಳಸುವ ತನಕ ಒಳಗೆ ಹಿಡಿದಿಡುವುದು, ಬೇಡದ್ದನ್ನು ಹೊರಗಿಡುವುದು, ಈ ಲೋಕಕ್ಕೂ ದೇವತೆಗಳ ಲೋಕಕ್ಕೂ ನಡುವೆ ಒಂದು ತಾಣವಾಗುವುದು ಅದರ ಕೆಲಸ. ಅದು ತಾತ್ಕಾಲಿಕವಾದ್ದರಿಂದಲೇ ಪ್ರತಿ ಸಲವೂ ಕಟ್ಟಬೇಕು, ಪ್ರತಿ ಸಲವೂ ಬಿಚ್ಚಬೇಕು.

ಬೇಕಾಗುವ ಸಾಮಗ್ರಿ

ಪೀಠಕ್ಕೆ ಒಂದು ಚಿಕ್ಕ ಮೇಜು ಅಥವಾ ಅಲುಗಾಡದ ಪೆಟ್ಟಿಗೆ, ದೇವಿಗೊಂದು ದೇವನಿಗೊಂದು ಎಂದು ಪೀಠದ ಮೇಲೆ ಎರಡು ಮೇಣದಬತ್ತಿ, ನಾಲ್ಕು ದಿಕ್ಕಿಗೆ ನಾಲ್ಕು, ಒಂದು ಬಟ್ಟಲು ನೀರು, ಒಂದು ಬಟ್ಟಲು ಉಪ್ಪು, ಧೂಪದ ಪಾತ್ರೆ, ಮರಳು, ಇದ್ದಿಲ ಬಿಲ್ಲೆ, ರಾಳದ ಧೂಪ, ಇಕ್ಕಳ, ಪಾನಕ್ಕೆ ಒಂದು ಲೋಟ, ನೈವೇದ್ಯಕ್ಕೆ ಒಂದು ತಟ್ಟೆ, ಪೊರಕೆ, ದಿಕ್ಸೂಚಿ, ಅಳತೆಗೆ ದಾರ. ಗೆರೆ ಎಳೆಯಲು ಅಥಾಮೆ, ಅಂದರೆ ಕಪ್ಪು ಹಿಡಿಯ ಇಬ್ಬಾಯಿ ಚೂರಿ, ಅಥವಾ ಮರದ ದಂಡ ಬೇಕು. ಅಥಾಮೆಯಿಂದ ಸಾಮಾನ್ಯವಾಗಿ ಏನನ್ನೂ ಕತ್ತರಿಸುವುದಿಲ್ಲ; ಗಿಡಮೂಲಿಕೆ ಕೊಯ್ಯಲು, ದಾರ ತುಂಡರಿಸಲು ಬಿಳಿ ಹಿಡಿಯ ಬೋಲಿನ್ ಎಂಬ ಬೇರೆ ಚೂರಿ ಇರುತ್ತದೆ. ಅಥಾಮೆಯೂ ದಂಡವೂ ಇಲ್ಲದವರು ಬಲಗೈಯ ತೋರುಬೆರಳನ್ನೇ ಬಳಸಬಹುದು, ಅದರಿಂದ ವೃತ್ತಕ್ಕೆ ಯಾವ ಕೊರತೆಯೂ ಆಗದು. ಸಾರ್ವಜನಿಕ ಬಯಲಿನಲ್ಲಿ ವಿಧಿ ಮಾಡುವವರು ದಂಡವನ್ನೇ ಒಯ್ಯುವುದು ಒಳಿತು, ಏಕೆಂದರೆ ಬಹಳಷ್ಟು ಕಡೆ ಹೊರಗೆ ಚೂರಿ ಹಿಡಿದು ತಿರುಗುವುದಕ್ಕೆ ಕಾನೂನಿನ ತಡೆಯಿದೆ.

ಪಟ್ಟಿಯಲ್ಲಿ ಜನ ಮರೆಯುವ ವಸ್ತುಗಳು ಮೂರು: ಬೆಂಕಿಪೆಟ್ಟಿಗೆ, ಮೇಣದಬತ್ತಿ ಆರಿಸುವ ಮುಚ್ಚಳ, ಕೈ ಒರೆಸುವ ಬಟ್ಟೆ. ಇವುಗಳ ಜೊತೆಗೆ ಬೆಂಕಿ ನಂದಿಸಲು ತುಂಬಿದ ಒಂದು ಚೊಂಬು ನೀರು ಸದಾ ವೃತ್ತದ ಒಳಗೇ ಇರಲಿ.

ಹಂತ 1: ಜಾಗವನ್ನು ಆಯ್ದು ಅಳೆಯುವುದು

ವಿಕ್ಕಾದ ಹಳೆಯ ಶಾಖೆಗಳಾದ ಗಾರ್ಡ್ನೇರಿಯನ್, ಅಲೆಕ್ಸಾಂಡ್ರಿಯನ್ ಪರಂಪರೆಗಳಲ್ಲಿ ವೃತ್ತದ ರೂಢಿಯ ಅಳತೆ 9 ಅಡಿ ವ್ಯಾಸ. ಗುಂಪಿಗೆ ಅದು ಸರಿ. ಒಬ್ಬರೇ ಮಾಡುವಾಗ 5 ಅಥವಾ 6 ಅಡಿ ಸಾಕು. ಒಳಗೆ ಪೀಠವಿಟ್ಟ ಮೇಲೂ ಸುತ್ತಲೂ ಅಡ್ಡಿಯಿಲ್ಲದೆ ನಡೆಯಲು ಆಗಬೇಕೆಂಬುದೇ ನಿಜವಾದ ನಿಯಮ.

ಅಳೆಯುವುದು ಸುಲಭ. 9 ಅಡಿಯ ವೃತ್ತಕ್ಕೆ ನಾಲ್ಕೂವರೆ ಅಡಿ ದಾರ ತೆಗೆದುಕೊಂಡು, ಒಂದು ತುದಿಯನ್ನು ನಡುವೆ ಒತ್ತಿ ಹಿಡಿದು, ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ ಸುತ್ತ ಎಳೆಯಿರಿ. ಗೆರೆ ಬೇಡವೆನ್ನುವವರು ನಾಲ್ಕೆಂಟು ಕಲ್ಲುಗಳನ್ನು ಗುರುತಿಗೆ ಇಡಬಹುದು. ಬಯಲಿನಲ್ಲಿ ಉಪ್ಪಿನಿಂದ ಗೆರೆ ಎಳೆಯಬೇಡಿ: ಅದು ಮಣ್ಣಿಗಿಳಿದು ಹುಲ್ಲನ್ನೂ ಬೇರನ್ನೂ ಸುಡುತ್ತದೆ. ಭೂಮಿಯನ್ನು ಪೂಜಿಸುತ್ತೇವೆಂದು ಹೇಳಿ ಅದೇ ಭೂಮಿಯನ್ನು ಕೆಡಿಸುವುದು ತರವಲ್ಲ. ಹುಡಿಮಾಡಿದ ಒಣ ಎಲೆ ಅಥವಾ ಹಿಟ್ಟು ಬಳಸಿ.

ಕೋಣೆ ಚಿಕ್ಕದಾಗಿ ಮಂಚವೋ ಗೋಡೆಯೋ ಅಡ್ಡಬಂದರೆ ಮನಸ್ಸಿನ ಗೆರೆ ಅವುಗಳನ್ನು ಹಾಯ್ದು ಹೋಗಬಹುದು. ಕಾಲು ಹೋಗುವ ದಾರಿ ಮಾತ್ರ ತೆರವಾಗಿರಲಿ. ನಡೆಯಲು ಆಗದವರು ನಡುವೆ ಕುಳಿತು ಕೈ ಚಾಚಿ ಸುತ್ತಲೂ ತೋರಿದರೆ ಸಾಕು.

ಹಂತ 2: ದಿಕ್ಕು ಗುರುತಿಸಿ ಪೀಠ ಹೂಡುವುದು

ದಿಕ್ಸೂಚಿಯನ್ನು ಪೀಠ ಹೂಡುವ ಮುಂಚೆಯೇ ನೋಡಿ. ಹತ್ತಿರದಲ್ಲಿ ಕಬ್ಬಿಣದ ಮೇಜು, ಸ್ಪೀಕರ್ ಅಥವಾ ಅಯಸ್ಕಾಂತವಿದ್ದರೆ ಮುಳ್ಳು ದಾರಿ ತಪ್ಪುತ್ತದೆ. ಮೊಬೈಲಿನ ದಿಕ್ಸೂಚಿಯೂ ಹಾಗೆಯೇ. ಕೋಣೆಯ ಎರಡು ಬೇರೆ ಜಾಗಗಳಲ್ಲಿ ನೋಡಿ, ಎರಡೂ ಹೊಂದಿದರೆ ಮಾತ್ರ ನಂಬಿ.

ಹೆಚ್ಚು ಬಳಕೆಯಲ್ಲಿರುವ ಹೊಂದಿಕೆ ಹೀಗಿದೆ: ಪೂರ್ವಕ್ಕೆ ಗಾಳಿ ಮತ್ತು ಹಳದಿ ಬತ್ತಿ, ದಕ್ಷಿಣಕ್ಕೆ ಬೆಂಕಿ ಮತ್ತು ಕೆಂಪು, ಪಶ್ಚಿಮಕ್ಕೆ ನೀರು ಮತ್ತು ನೀಲಿ, ಉತ್ತರಕ್ಕೆ ಭೂಮಿ ಮತ್ತು ಹಸಿರು. ಬಣ್ಣದ ಬತ್ತಿ ಸಿಗದಿದ್ದರೆ ನಾಲ್ಕೂ ಬಿಳಿಯದೇ ಇರಲಿ. ಭೂಮಧ್ಯರೇಖೆಯ ದಕ್ಷಿಣಕ್ಕಿರುವ ನಾಡುಗಳಲ್ಲಿ ನಡುಹಗಲ ಸೂರ್ಯ ಉತ್ತರದ ಕಡೆ ಇರುವುದರಿಂದ, ಅಲ್ಲಿನ ಅನೇಕರು ಬೆಂಕಿಯನ್ನು ಉತ್ತರಕ್ಕೂ ಭೂಮಿಯನ್ನು ದಕ್ಷಿಣಕ್ಕೂ ಬದಲಿಸಿಕೊಳ್ಳುತ್ತಾರೆ. ಅವರು ಸುತ್ತುವ ದಿಕ್ಕೂ ಆಗ ಬದಲಾಗುತ್ತದೆ.

ಪೀಠವನ್ನು ನಡುವೆ ಇಡಬಹುದು, ಉತ್ತರದ ಅಂಚಿನಲ್ಲೂ ಇಡಬಹುದು. ಹೊಸಬರಿಗೆ ಉತ್ತರದ ಅಂಚೇ ಅನುಕೂಲ. ನಡು ತೆರವಾಗಿ ಓಡಾಟಕ್ಕೆ ಜಾಗ ಉಳಿಯುತ್ತದೆ. ಆದರೆ ಪೀಠವು ಗೆರೆಯ ಮೇಲೆ ಬೀಳದೆ ಒಳಗಿರಬೇಕು, ನೀವು ಅದರ ಹಿಂದಿನಿಂದ ಹಾದುಹೋಗುವಂತಿರಬೇಕು.

ಹಂತ 3: ಬರಿಗೈಯ ಸುತ್ತು

ಇದನ್ನು ಬಿಟ್ಟುಬಿಡುವವರೇ ಹೆಚ್ಚು, ಕೆಡಿಸಿಕೊಳ್ಳುವವರೂ ಅವರೇ. ಬತ್ತಿ ಹಚ್ಚದೆ, ಯಾರನ್ನೂ ಆವಾಹಿಸದೆ, ಇಡೀ ವಿಧಿಯನ್ನು ಮೊದಲಿಂದ ಕೊನೆಯ ತನಕ ಒಮ್ಮೆ ನಡೆದು ನೋಡಿ. "ಇಲ್ಲಿ ಉಪ್ಪು ಎತ್ತಿಕೊಳ್ಳುತ್ತೇನೆ, ಇಲ್ಲಿ ಬೆಂಕಿಕಡ್ಡಿ ಗೀರುತ್ತೇನೆ" ಎಂದು ಹೇಳಿಕೊಳ್ಳುತ್ತಾ ಆಯಾ ವಸ್ತುವನ್ನು ನಿಜವಾಗಿ ಮುಟ್ಟಿ. ಕೈ ಹೋದ ಕಡೆ ವಸ್ತು ಇಲ್ಲದಿದ್ದರೆ ಅದು ಈಗಲೇ ತಿಳಿಯುತ್ತದೆ.

ವಿಧಿಗೆ ಉಡುವ ಬಟ್ಟೆಯಲ್ಲೇ ಈ ಸುತ್ತು ಹಾಕಿ. ಉದ್ದ ತೋಳಿನ ನಿಲುವಂಗಿ ತೊಟ್ಟು ಪೀಠದ ಆಚೆಬದಿಯ ಲೋಟಕ್ಕೆ ಕೈಚಾಚಿದರೆ ತೋಳಿನ ಅಂಚು ಸರಿಯಾಗಿ ಮೇಣದಬತ್ತಿಯ ಮೇಲೆ ಇಳಿಯುತ್ತದೆ. ಬತ್ತಿ ಹಚ್ಚದೆ ಇರುವಾಗ ಇದನ್ನು ಕಂಡುಕೊಂಡವರು ಅದೃಷ್ಟವಂತರು. ಓದುವ ಚೀಟಿಯನ್ನು ದಪ್ಪ ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದುಕೊಂಡು, ಕೋಣೆಯ ದೀಪ ಆರಿಸಿ, ಒಂದೇ ಬತ್ತಿಯ ಬೆಳಕಿನಲ್ಲಿ ಓದಲು ಆಗುತ್ತದೆಯೇ ಎಂದು ಪರೀಕ್ಷಿಸಿ. ಮೊಬೈಲಿನಲ್ಲಿ ಓದುವ ಅಭ್ಯಾಸ ಬೇಡ. ಅದರ ಬೆಳಕು ಕಣ್ಣಿಗೆ ಹೊಡೆಯುತ್ತದೆ, ನಡುವೆ ಬರುವ ಒಂದು ಕರೆ ಎಲ್ಲವನ್ನೂ ಕಲಕುತ್ತದೆ.

ಸಾಕುಪ್ರಾಣಿಗಳಿದ್ದರೆ ಬೇರೆ ಕೋಣೆಯಲ್ಲಿ ಇರಿಸಿ. ಪ್ರಾಣಿಗಳು ಮತ್ತು ಪುಟ್ಟ ಮಕ್ಕಳು ಗೆರೆ ದಾಟಿದರೆ ವೃತ್ತಕ್ಕೆ ಭಂಗವಿಲ್ಲವೆಂದು ಅನೇಕರು ನಂಬುತ್ತಾರೆ, ನಾನೂ ಒಪ್ಪುತ್ತೇನೆ; ಆದರೆ ಬೆಕ್ಕಿನ ಬಾಲಕ್ಕೂ ಬತ್ತಿಯ ಉರಿಗೂ ಆ ನಂಬಿಕೆ ಅನ್ವಯಿಸುವುದಿಲ್ಲ.

ಹಂತ 4: ಸ್ನಾನ, ಇದ್ದಿಲು, ಉಸಿರು

ಈ ಮೂರರ ಕ್ರಮ ಮುಖ್ಯ. ಮೊದಲು ಸ್ನಾನ ಮಾಡಿ, ನೀರಿಗೆ ಒಂದು ಹಿಡಿ ಉಪ್ಪು ಹಾಕಿಕೊಂಡರೂ ಸರಿ. ಆಮೇಲೆ ಇದ್ದಿಲು ಹೊತ್ತಿಸಿ. ಇದ್ದಿಲು ಕಾಯುವಷ್ಟು ಹೊತ್ತು ಅದರ ಪಕ್ಕದಲ್ಲೇ ಕುಳಿತು ಮನಸ್ಸನ್ನು ನೆಲೆಗೊಳಿಸಿ. ಇದ್ದಿಲು ಹೊತ್ತಿಸಿಟ್ಟು ಸ್ನಾನಕ್ಕೆ ಹೋಗುವುದು ಅಪಾಯ. ಶುದ್ಧಿಯ ನಡುವೆ ಹೊತ್ತಿಸಲು ಹೋದರೆ ಹೊಗೆ ಬರುವ ತನಕ ಸುಮ್ಮನೆ ನಿಲ್ಲಬೇಕಾಗುತ್ತದೆ.

ಧೂಪದ ಪಾತ್ರೆಯಲ್ಲಿ ಎರಡು ಬೆರಳು ದಪ್ಪ ಮರಳು ಹರಡಿ, ಪಾತ್ರೆಯ ಕೆಳಗೆ ಹೆಂಚಿನ ತುಂಡಿಡಿ. ಬಿಲ್ಲೆಯನ್ನು ಇಕ್ಕಳದಿಂದ ಹಿಡಿದು ಅಂಚಿಗೆ ಬೆಂಕಿ ತಾಗಿಸಿ. ಬೇಗ ಹೊತ್ತುವ ಬಿಲ್ಲೆಯಾದರೆ ಚಟಚಟನೆ ಕಿಡಿಗಳ ಸಾಲೊಂದು ಒಂದು ಅಂಚಿನಿಂದ ಇನ್ನೊಂದಕ್ಕೆ ಓಡುತ್ತದೆ. ಆಗಲೇ ಧೂಪ ಸುರಿಯಬೇಡಿ. ಆ ಹೊತ್ತಿನ ಹೊಗೆ ಬಿಲ್ಲೆಗೆ ಬೆರೆಸಿದ ರಾಸಾಯನಿಕದ್ದು, ಮೂಗಿಗೆ ಚುಚ್ಚುತ್ತದೆ. ಗುಂಡಿಯಿರುವ ಬದಿ ಮೇಲಾಗುವಂತೆ ಮರಳಿನ ಮೇಲಿಟ್ಟು 5ರಿಂದ 10 ನಿಮಿಷ ಕಾಯಿರಿ. ಕಪ್ಪು ಮೈ ಪೂರ್ತಿ ಬೂದುಬಣ್ಣಕ್ಕೆ ತಿರುಗಿದಾಗ ಇದ್ದಿಲು ಸಿದ್ಧ. ಕಡಲೆಕಾಳಿನಷ್ಟು ರಾಳ ಒಂದು ಸಲಕ್ಕೆ ಸಾಕು. ಹೆಚ್ಚು ಹಾಕಿದರೆ ರಾಳ ಕರಗಿ ಕುದಿದು ಸುಟ್ಟವಾಸನೆ ಬರುತ್ತದೆ.

ಉರಿಯುವ ಇದ್ದಿಲು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬಿಡುತ್ತದೆ, ಅದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ. ಕಿಟಕಿಯೊಂದು ತೆರೆದಿರಲೇಬೇಕು. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಅದನ್ನು ದೈವಾನುಭವವೆಂದು ತಿಳಿಯದೆ ತಕ್ಷಣ ಹೊರಗೆ ಗಾಳಿಗೆ ಬನ್ನಿ, ಒಳಗಿರುವ ಎಲ್ಲರನ್ನೂ ಕರೆತನ್ನಿ. ಕಿಟಕಿ ತೆರೆಯಲಾಗದ ಕೋಣೆಯಲ್ಲಿ ಇದ್ದಿಲಿನ ಬದಲು ಒಂದು ಬಟ್ಟಲು ಬಿಸಿನೀರಿಗೆ ರೋಸ್‌ಮೇರಿ ಎಲೆ ಹಾಕಿ ಅದರ ಹಬೆಯನ್ನು ಬಳಸಿ. ಬಿಳಿ ಸೇಜ್‌ನ ಕಟ್ಟು ಸುಡುವ ರೂಢಿಯನ್ನು ನಾನು ಸಲಹೆ ಮಾಡುವುದಿಲ್ಲ. ಅದು ಉತ್ತರ ಅಮೆರಿಕದ ಮೂಲನಿವಾಸಿಗಳ ವಿಧಿಗೆ ಸೇರಿದ ಸಸ್ಯ, ಕಾಡಿನಿಂದ ಅದನ್ನು ಅತಿಯಾಗಿ ಕೊಯ್ಯಲಾಗುತ್ತಿದೆ.

ಬಿಲ್ಲೆ ಕಾಯುವಷ್ಟು ಹೊತ್ತು ಕಾಲು ನೆಲಕ್ಕೆ ಊರಿ ಕುಳಿತು ನಿಧಾನವಾಗಿ ಉಸಿರಾಡಿ. ಬೆನ್ನೆಲುಬಿನ ಬುಡದಿಂದ ಬೇರೊಂದು ಇಳಿದು ಮಣ್ಣನ್ನು ಹಿಡಿಯಿತೆಂದೂ, ಅದೇ ಬೇರಿನಿಂದ ಬಲ ಮೇಲಕ್ಕೆ ಏರಿತೆಂದೂ ಭಾವಿಸಿ. ವೃತ್ತಕ್ಕೆ ಬೇಕಾದ ಶಕ್ತಿಯನ್ನು ಭೂಮಿಯಿಂದ ಪಡೆಯಬೇಕು. ನಿಮ್ಮೊಳಗಿನದನ್ನೇ ಖರ್ಚು ಮಾಡಿದರೆ ವಿಧಿಯ ಕೊನೆಗೆ ಮೈ ಹಿಂಡಿದಂತಾಗುತ್ತದೆ. ಕೋಪ, ಜ್ವರ, ಅಮಲು ಇದ್ದ ದಿನ ಇಲ್ಲಿಗೇ ನಿಲ್ಲಿಸಿ, ವಿಧಿಯನ್ನು ಮುಂದೂಡಿ.

ಹಂತ 5: ಜಾಗದ ಶುದ್ಧಿ

ಕಸ ಗುಡಿಸಿ ನೆಲ ಒರೆಸುವ ಕೆಲಸ ಹಗಲಲ್ಲೇ ಮುಗಿದಿರಬೇಕು. ಈಗ ಮಾಡುವುದು ಇನ್ನೊಂದು ಬಗೆಯ ಶುದ್ಧಿ. ಪೊರಕೆಯನ್ನು ನೆಲದಿಂದ ತುಸು ಎತ್ತಿ ಹಿಡಿದು, ನಡುವಿನಿಂದ ಹೊರಕ್ಕೆ ಗುಡಿಸುತ್ತಾ ಹಳೆಯ ಜಡತನವನ್ನು ತಳ್ಳಿ.

ನಂತರ ಅಥಾಮೆಯ ತುದಿಯನ್ನು ನೀರಿಗೆ ಮುಟ್ಟಿಸಿ ಅದರಲ್ಲಿನ ಮಲಿನವೆಲ್ಲ ಹೋಗಲೆಂದು ಹೇಳಿ. ಉಪ್ಪಿಗೆ ಮುಟ್ಟಿಸಿ ಹರಸಿ. ಮೂರು ಚಿಟಿಕೆ ಉಪ್ಪನ್ನು ನೀರಿಗೆ ಹಾಕಿ ಕದಡಿ. ಉಪ್ಪು ತಾಗಿದ ಲೋಹ ತುಕ್ಕು ಹಿಡಿಯುವುದರಿಂದ ತುದಿಯನ್ನು ಕೂಡಲೇ ಬಟ್ಟೆಯಿಂದ ಒರೆಸಿ. ಉಪ್ಪುನೀರನ್ನು ಬೆರಳಿನಿಂದ ಚಿಮುಕಿಸುತ್ತಾ ಪೂರ್ವದಿಂದ ಒಂದು ಸುತ್ತು ಬನ್ನಿ, ಆಮೇಲೆ ಧೂಪ ಹಿಡಿದು ಇನ್ನೊಂದು ಸುತ್ತು. ಉಪ್ಪುನೀರಿನಲ್ಲಿ ಭೂಮಿ ಮತ್ತು ನೀರು, ಧೂಪದಲ್ಲಿ ಬೆಂಕಿ ಮತ್ತು ಗಾಳಿ ಇರುವುದರಿಂದ ಎರಡೇ ಸುತ್ತಿನಲ್ಲಿ ನಾಲ್ಕು ತತ್ತ್ವಗಳ ಸ್ಪರ್ಶವಾಗುತ್ತದೆ. ಕೆಲವು ಪರಂಪರೆಗಳಲ್ಲಿ ಈ ಎರಡು ಸುತ್ತು ಗೆರೆ ಎಳೆದ ನಂತರ ಬರುತ್ತವೆ. ನಿಮ್ಮ ಗುರುಗಳು ಹಾಗೆ ಕಲಿಸಿದ್ದರೆ ಹಾಗೆಯೇ ಮಾಡಿ, ಎರಡನ್ನೂ ಬೆರೆಸಬೇಡಿ.

ಹಂತ 6: ವೃತ್ತ ಕಟ್ಟುವುದು

ಎಲ್ಲರೂ ಒಳಗೆ ಬಂದ ಮೇಲೆ ಪೂರ್ವದಲ್ಲಿ ನಿಲ್ಲಿ. ಅಥಾಮೆಯನ್ನು ಸೊಂಟದ ಎತ್ತರದಲ್ಲಿ ಗೆರೆಯ ಕಡೆಗೆ ಚಾಚಿ, ನೆಲದಿಂದ ಏರಿದ ಬಲ ತೋಳಿನಲ್ಲಿ ಹರಿದು ತುದಿಯಿಂದ ಬೆಳಕಿನ ಎಳೆಯಾಗಿ ಇಳಿಯುತ್ತಿದೆಯೆಂದು ಭಾವಿಸುತ್ತಾ ಪ್ರದಕ್ಷಿಣವಾಗಿ ನಡೆಯಿರಿ. ವಿಕ್ಕಾದವರು ಈ ದಿಕ್ಕನ್ನು ಡಿಯೋಸಿಲ್ ಎನ್ನುತ್ತಾರೆ, ಸೂರ್ಯ ಸಾಗುವ ದಾರಿ ಅದು. ಒಂದು ಸುತ್ತು ಬರಬಹುದು, ಮೂರೂ ಬರಬಹುದು. ಹೊಸಬರು ಮೂರು ಸುತ್ತು ಬರುವುದು ಒಳ್ಳೆಯದು: ಮೊದಲ ಸುತ್ತಿನಲ್ಲಿ ಮನಸ್ಸು ಹೆಜ್ಜೆಯ ಮೇಲಿರುತ್ತದೆ, ಮೂರನೆಯದರಲ್ಲಿ ಮಾತ್ರ ಗೆರೆಯ ಮೇಲೆ ನಿಲ್ಲುತ್ತದೆ.

ಹೊರಟ ಬಿಂದುವಿಗೆ ಮರಳಿ ಬಂದಾಗ ಒಂದು ಹೆಜ್ಜೆ ಮುಂದಕ್ಕೆ ಹೋಗಿ ತುದಿಗಳನ್ನು ಒಂದರ ಮೇಲೊಂದು ಹಾಯಿಸಿ. ಪೂರ್ವದಲ್ಲಿ ಸಂದು ಬಿಟ್ಟು ನಿಲ್ಲುವುದು ಬಹಳ ಜನರ ತಪ್ಪು. ಆಮೇಲೆ ಪೀಠದ ಮುಂದೆ ನಿಂತು, ಗೆರೆಯು ನಿಮ್ಮ ಮೇಲಕ್ಕೂ ನೆಲದ ಕೆಳಕ್ಕೂ ಬಾಗಿ ಗೋಳವಾಯಿತೆಂದು ಕಾಣಿರಿ. ಕಣ್ಣಿಗೆ ಏನೂ ಕಾಣದಿದ್ದರೆ ಗಾಬರಿ ಬೇಡ. ಕೆಲವರಿಗೆ ಅದು ಕಿವಿಯ ನಿಶ್ಶಬ್ದವಾಗಿ, ಕೆಲವರಿಗೆ ಅಂಗೈಯ ಬಿಸುಪಾಗಿ ತಿಳಿಯುತ್ತದೆ. "ವೃತ್ತ ಕಟ್ಟಿದೆ, ಈ ನೆಲ ಈಗ ಪವಿತ್ರ" ಎಂದು ಗಟ್ಟಿಯಾಗಿ ಹೇಳಿ.

ಹಂತ 7: ದಿಕ್ಕುಗಳ ಆವಾಹನೆ, ದೇವತೆಗಳ ಸ್ವಾಗತ

ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ ಎಂಬ ಕ್ರಮದಲ್ಲಿ ಆಯಾ ದಿಕ್ಕಿಗೆ ಮುಖಮಾಡಿ ಬತ್ತಿ ಹಚ್ಚಿ ಕರೆಯಿರಿ. ಕರೆಯಲ್ಲಿ ಮೂರು ಅಂಗ ಸಾಕು: ಯಾರನ್ನು ಕರೆಯುತ್ತೀರಿ, ಯಾವ ಗುಣವನ್ನು ಬೇಡುತ್ತೀರಿ, ಬಂದವರಿಗೆ ಸ್ವಾಗತ. ಪೂರ್ವಕ್ಕೆ ಹೀಗೆ ಹೇಳಬಹುದು: "ಪೂರ್ವದ ಗಾಳಿಯೇ, ಮೊದಲ ಬೆಳಕಿನ ಉಸಿರೇ, ನಮ್ಮ ಮಾತಿಗೆ ಸ್ಪಷ್ಟತೆ ಕೊಡು, ಈ ವೃತ್ತವನ್ನು ಕಾಯು. ನಿನಗೆ ಸ್ವಾಗತ." ದಕ್ಷಿಣಕ್ಕೆ ಧೈರ್ಯ, ಪಶ್ಚಿಮಕ್ಕೆ ಅಂತಃಕರಣ, ಉತ್ತರಕ್ಕೆ ಸ್ಥೈರ್ಯ ಎಂದು ನಿಮ್ಮದೇ ಮಾತಿನಲ್ಲಿ ಹೊಂದಿಸಿಕೊಳ್ಳಿ. ಆಜ್ಞೆ ಮಾಡುವ ಧ್ವನಿ ಬೇಡ, ನೀವು ಕರೆಯುತ್ತಿರುವುದು ಅತಿಥಿಗಳನ್ನು.

ದಿಕ್ಕುಗಳ ನಂತರವೇ ದೇವಿಯನ್ನೂ ದೇವನನ್ನೂ ಪೀಠದ ಬತ್ತಿ ಹಚ್ಚಿ ಕರೆಯಬೇಕು. ಹೆಸರಿಟ್ಟು ಕರೆಯುವುದಾದರೆ ಆ ದೇವತೆಯ ಸ್ವಭಾವ, ಪ್ರಿಯವಾದ ನೈವೇದ್ಯ ಏನೆಂದು ಮೊದಲೇ ಓದಿಕೊಂಡಿರಿ. ಬೇರೆ ಬೇರೆ ನಾಡಿನ ದೇವತೆಗಳನ್ನು ಹೆಸರಿನ ಇಂಪಿಗಾಗಿ ಜೋಡಿ ಮಾಡಬೇಡಿ. ಇನ್ನು ಮಾಡಬೇಕೆಂದಿದ್ದ ವಿಧಿ, ಕೊನೆಗೆ ನೈವೇದ್ಯದ ಹಂಚಿಕೆ.

ನಡುವೆ ಹೊರಗೆ ಹೋಗಬೇಕಾಗಿ ಬಂದರೆ

ರೂಢಿಯಲ್ಲಿ ಈಶಾನ್ಯದ ಅಂಚಿನಲ್ಲಿ ಬಾಗಿಲು ತೆರೆಯುತ್ತಾರೆ. ಅಥಾಮೆಯಿಂದ ನೆಲದಿಂದ ಮೇಲಕ್ಕೆ, ತಲೆಯ ಮೇಲೆ ಅಡ್ಡಕ್ಕೆ, ಮತ್ತೆ ಕೆಳಕ್ಕೆ ಕಮಾನು ಬರೆದು, ಪರದೆ ಸರಿಸಿದಂತೆ ಕೈಯಾಡಿಸಿ ಹೊರಡಿ. ಮರಳಿ ಬಂದ ಮೇಲೆ ಗೆರೆಯನ್ನು ಮೂರು ಸಲ ಪ್ರದಕ್ಷಿಣದ ದಿಕ್ಕಿನಲ್ಲಿ ಹೊಲಿದು ಮುಚ್ಚಿ. ಒಂದು ವಿಧಿಯಲ್ಲಿ ಎರಡು ಸಲ ಬಾಗಿಲು ತೆರೆಯಬೇಕಾಗಿ ಬಂದರೆ ಹಂತ 3 ಸರಿಯಾಗಿ ಆಗಿಲ್ಲವೆಂದು ತಿಳಿಯಿರಿ.

ಬೆಂಕಿ ಬಿದ್ದರೆ, ಯಾರಿಗಾದರೂ ಉಸಿರು ಕಟ್ಟಿದರೆ, ಯಾರಾದರೂ ತಡೆಯಲಾರದೆ ಅಳತೊಡಗಿದರೆ ಬಾಗಿಲು ಬರೆಯುತ್ತಾ ನಿಲ್ಲಬೇಡಿ. ನೇರವಾಗಿ ಗೆರೆ ದಾಟಿ ಆಗಬೇಕಾದ್ದನ್ನು ಮಾಡಿ. ಎಲ್ಲ ತಣ್ಣಗಾದ ಮೇಲೆ ಮರಳಿ ಬಂದು ಹಂತ 8ನ್ನು ಪೂರೈಸಿದರೆ ದೋಷವಿಲ್ಲ. ಬತ್ತಿಯ ಉರಿ ಉದ್ದವಾಗಿ ಕಪ್ಪು ಹೊಗೆ ಬಿಟ್ಟರೆ ಅದನ್ನು ಶಕುನವೆಂದು ಓದುವ ಮೊದಲು ಬತ್ತಿಯ ಎಳೆ ನೋಡಿ: ಕಾಲು ಅಂಗುಲಕ್ಕಿಂತ ಉದ್ದವಿದ್ದರೆ ಉರಿ ಆರಿಸಿ ಕತ್ತರಿಸಬೇಕು.

ಹಂತ 8: ವಿಸರ್ಜನೆ

ಕಟ್ಟಿದ ಕ್ರಮವನ್ನು ಹಿಂದುಮುಂದು ಮಾಡಿ ಬಿಚ್ಚಿ. ಮೊದಲು ದೇವತೆಗಳಿಗೆ ಕೃತಜ್ಞತೆ ಹೇಳಿ ಪೀಠದ ಬತ್ತಿ ಆರಿಸಿ. ನಂತರ ಉತ್ತರ, ಪಶ್ಚಿಮ, ದಕ್ಷಿಣ, ಪೂರ್ವ ಎಂದು ಹಿಮ್ಮುಖವಾಗಿ ಹೋಗುತ್ತಾ ಪ್ರತಿಯೊಂದಕ್ಕೂ ಹೆಸರು ಹೇಳಿ ವಂದಿಸಿ ಬೀಳ್ಕೊಡಿ. ಕರೆದಷ್ಟೇ ಗಮನ ಕಳುಹಿಸುವಾಗಲೂ ಇರಲಿ. ನಾಲ್ಕಕ್ಕೂ ಸೇರಿಸಿ ಒಂದೇ ಮಾತಿನಲ್ಲಿ ಮುಗಿಸುವುದು, ಮನೆಗೆ ಕರೆದ ಅತಿಥಿಯನ್ನು ಬಾಗಿಲ ತನಕ ಬಿಡದೆ ಒಳಗೆ ಎದ್ದುಹೋದಂತೆ. ಕೆಲವರು ಬೀಳ್ಕೊಡುವಾಗಲೂ ಪೂರ್ವದಿಂದಲೇ ಆರಂಭಿಸುತ್ತಾರೆ. ಯಾವುದಾದರೊಂದು ಕ್ರಮವನ್ನು ಹಿಡಿದು ಅದನ್ನೇ ಪಾಲಿಸಿ.

ಕೊನೆಗೆ ಪೂರ್ವದಿಂದ ಅಪ್ರದಕ್ಷಿಣವಾಗಿ, ಅಂದರೆ ವಿಡ್ಡರ್‌ಶಿನ್ಸ್ ದಿಕ್ಕಿನಲ್ಲಿ ನಡೆಯುತ್ತಾ, ಬೆಳಕಿನ ಎಳೆ ಅಥಾಮೆಯೊಳಕ್ಕೆ ಸುತ್ತಿಕೊಳ್ಳುತ್ತಿದೆಯೆಂದು ಭಾವಿಸಿ. ಎಷ್ಟು ಸುತ್ತಿನಲ್ಲಿ ಕಟ್ಟಿದಿರೋ ಅಷ್ಟೇ ಸುತ್ತಿನಲ್ಲಿ ಬಿಚ್ಚಿ. ಅಥಾಮೆಯನ್ನು ನೆಲದ ಕಡೆ ತೋರಿ ಆ ಬಲವನ್ನು ಭೂಮಿಗೆ ಮರಳಿಸಿ, "ವೃತ್ತ ಬಿಚ್ಚಿದೆ, ವಿಧಿ ಮುಗಿದಿದೆ" ಎಂದು ಹೇಳಿ. ಅಪ್ರದಕ್ಷಿಣವಾಗಿ ನಡೆಯುವುದನ್ನು ಒಪ್ಪದ ಪರಂಪರೆಯವರು ನಿಂತಲ್ಲಿಂದಲೇ ಗೋಳ ಕರಗಿತೆಂದು ಭಾವಿಸುತ್ತಾರೆ.

ಹಂತ 9: ಬಿಚ್ಚಿದ ಮೇಲೆ

ಎರಡೂ ಅಂಗೈಯನ್ನು ನೆಲಕ್ಕೊತ್ತಿ, ಮಿಕ್ಕ ಶಕ್ತಿ ಇಳಿದುಹೋಗುವ ತನಕ ಉಸಿರಾಡಿ. ಏನಾದರೂ ತಿನ್ನಿ, ನೀರು ಕುಡಿಯಿರಿ. ಆ ರಾತ್ರಿ ನಿದ್ದೆ ಬಾರದೆ ಮೈ ಜುಮ್ಮೆನ್ನುತ್ತಿದ್ದರೆ, ಕಾರಣವಿಲ್ಲದೆ ನಗು ಅಥವಾ ಸಿಟ್ಟು ಉಕ್ಕುತ್ತಿದ್ದರೆ ಈ ಕೆಲಸ ಅರ್ಧಕ್ಕೇ ನಿಂತಿದೆಯೆಂದು ಅರ್ಥ. ಎದ್ದು ಮತ್ತೊಮ್ಮೆ ಮಾಡಿ. ವೃತ್ತ ಬಿಚ್ಚುವುದನ್ನೇ ಮರೆತಿದ್ದರೆ ಮರುದಿನ ಅದೇ ಜಾಗಕ್ಕೆ ಹೋಗಿ ಹಂತ 8ನ್ನು ಪೂರ್ತಿ ಮಾಡಿದರಾಯಿತು.

ಉಪ್ಪುನೀರನ್ನು ಗಿಡಕ್ಕೆ ಹಾಕದೆ ಬಚ್ಚಲಿಗೆ ಚೆಲ್ಲಿ. ನೈವೇದ್ಯದ ಪಾಲನ್ನು ಹೊರಗಿಡುವಾಗ ಅದರಲ್ಲಿ ಪ್ರಾಣಿಗಳಿಗೆ ವಿಷವಾಗುವ ಚಾಕೊಲೇಟ್, ಒಣದ್ರಾಕ್ಷಿಗಳಿಲ್ಲವೆಂದು ನೋಡಿಕೊಳ್ಳಿ. ಇದ್ದಿಲ ಬಿಲ್ಲೆ ನೋಡಲು ಬೂದಿಯಾಗಿದ್ದರೂ ಒಳಗೆ ಗಂಟೆಗಟ್ಟಲೆ ಕೆಂಡ ಉಳಿದಿರುತ್ತದೆ, ಆದ್ದರಿಂದ ಕಸದ ಬುಟ್ಟಿಗೆ ಎಸೆಯಬೇಡಿ. ಇಕ್ಕಳದಿಂದ ಎತ್ತಿ ನೀರು ತುಂಬಿದ ಚೊಂಬಿಗೆ ಹಾಕಿ, ಸುಯ್ಯೆನ್ನುವ ಸದ್ದು ಪೂರ್ತಿ ನಿಲ್ಲುವ ತನಕ ಕಾಯಿರಿ. ಮಲಗುವ ಮುಂಚೆ ಪಾತ್ರೆಯ ಮರಳಿನ ಮೇಲೆ ಅಂಗೈಯನ್ನು ನಾಲ್ಕು ಬೆರಳು ಎತ್ತರದಲ್ಲಿ ಹಿಡಿದು ನೋಡಿ. ಬಿಸಿ ತಾಗದಿದ್ದರೆ ಮಾತ್ರ ಕೋಣೆಯ ಬಾಗಿಲು ಹಾಕಿಕೊಳ್ಳಿ.